ಕರಗಿದ ಆಮ್ಲಜನಕದ ಅಳತೆ: ಬಾಟಲಿ ತುಂಬುವಾಗಲೇ ಎಚ್ಚರ

ಕಾರವಾರದ ಕಡಲ ನೀರಿನಲ್ಲಿ ಲೀಟರಿಗೆ 6.2 ಮಿಲಿಗ್ರಾಂ ಆಮ್ಲಜನಕ ಸಿಕ್ಕಿತೆಂದು ವಿದ್ಯಾರ್ಥಿನಿಯೊಬ್ಬಳು ‘ನೀರು ಕೆಟ್ಟಿದೆ’ ಎಂಬ ವರದಿ ಬರೆದು ತಂದಿದ್ದಳು. ಅಳತೆ ಸರಿಯಾಗಿಯೇ ಇತ್ತು. ನೀರು ಎಷ್ಟು ಆಮ್ಲಜನಕ ಹಿಡಿಯಬಲ್ಲದೆಂದು ತಿಳಿಯಲು ಅವಳು ನೋಡಿದ ಕೋಷ್ಟಕ ಸಿಹಿನೀರಿನದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಗಾಳಿಯಿಂದ ಸುಮಾರು 7.5 ಮಿಲಿಗ್ರಾಂ ಹೀರಿಕೊಂಡರೆ, ಕಿಲೋಗೆ 35 ಗ್ರಾಂ ಉಪ್ಪಿರುವ ಕಡಲ ನೀರಿಗೆ ದಕ್ಕುವುದು 6.2 ಮಾತ್ರ. ಉಪ್ಪಿನ ಅಯಾನುಗಳು ನೀರಿನ ಅಣುಗಳನ್ನು ತಮ್ಮ ಸುತ್ತ ಬಿಗಿಯಾಗಿ ಹಿಡಿದಿಡುವುದರಿಂದ ಅನಿಲಕ್ಕೆ ಎಡೆ ಕಡಿಮೆ. ಅವಳ ನೀರು ಆಮ್ಲಜನಕದಿಂದ ತುಂಬಿಯೇ ಇತ್ತು.

ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಆಮ್ಲಜನಕ ಅಳೆಯಲು ಕೊಟ್ಟ ರಾಸಾಯನಿಕ ವಿಧಾನವನ್ನೇ ನಾನು ಇಂದಿಗೂ ಕಲಿಸುತ್ತೇನೆ. ಅಗ್ಗದ ಪೆನ್ ಮಾದರಿಯ ಮೀಟರ್ ಕೊಳ್ಳಬೇಡಿ. ಅದರ ತುದಿಯಲ್ಲಿರುವ ತೆಳು ಪೊರೆ ಹಾಳಾದ ಮೇಲೂ ಅದು ಏನಾದರೊಂದು ಅಂಕೆ ತೋರಿಸುತ್ತಲೇ ಇರುತ್ತದೆ.

ಹತ್ತರಲ್ಲಿ ಎಂಟು ಮಂದಿ ಎಡವುವುದು ನೀರು ತುಂಬುವ ಹಂತದಲ್ಲಿ. ಬಕೆಟ್ ಎತ್ತಿ ಬಾಟಲಿಗೆ ಗಳಗಳನೆ ಸುರಿಯುತ್ತಾರೆ. ಆಮ್ಲಜನಕ ಕಡಿಮೆಯಿದ್ದ ನೀರು ಆ ಕ್ಷಣದಲ್ಲೇ ಗಾಳಿ ಕುಡಿದುಬಿಡುತ್ತದೆ. ಹೀಗೆ ಮಾಡಿ: ಬಕೆಟ್ಟನ್ನು ಸದ್ದಿಲ್ಲದೆ ಮುಳುಗಿಸಿ ತುಂಬಿಕೊಳ್ಳಿ. ಒಂದು ತುದಿ ಬಕೆಟ್ಟಿನಲ್ಲಿರುವ ರಬ್ಬರ್ ನಳಿಕೆಯೊಳಗೆ ನೀರು ತುಂಬಿ, ಗುಳ್ಳೆಗಳೆಲ್ಲ ಹೋದ ಮೇಲೆ ಅದರ ಇನ್ನೊಂದು ತುದಿಯನ್ನು 300 ಮಿಲಿಲೀಟರಿನ ಬಿಒಡಿ ಬಾಟಲಿಯ (ಇಂಥ ಪರೀಕ್ಷೆಗೆಂದೇ ಇರುವ, ಗಾಜಿನ ಬಿರಡೆಯ ಬಾಟಲಿ) ತಳಕ್ಕೆ ಮುಟ್ಟಿಸಿ. ನೀರು ಕೆಳಗಿನಿಂದ ನಿಧಾನವಾಗಿ ಏರಲಿ. ತುಂಬಿದ ಮೇಲೂ ನಿಲ್ಲಿಸಬೇಡಿ, ಬಾಟಲಿಯ ಮೂರು ಪಟ್ಟು ನೀರು ಉಕ್ಕಿ ಹೊರಗೆ ಹೋಗಲಿ. ನಳಿಕೆಯನ್ನು ಮೆಲ್ಲನೆ ಮೇಲೆತ್ತಿ, ಗಾಜಿನ ಬಿರಡೆ ಹಾಕಿ, ಬಾಟಲಿಯನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿಯಿರಿ. ಗುಳ್ಳೆ ಕಂಡರೆ ಚೆಲ್ಲಿ, ಮತ್ತೆ ತುಂಬಿ. ಒಂದೇ ಮಿಲಿಲೀಟರ್ ಗಾಳಿ ಒಳಗೆ ಉಳಿದರೂ ಅದರಲ್ಲಿರುವ ಆಮ್ಲಜನಕ ಲೀಟರಿಗೆ 0.9 ಮಿಲಿಗ್ರಾಮಿನಷ್ಟು ಲೆಕ್ಕ ಕೆಡಿಸಬಲ್ಲದು.

ನೀರಿನ ಉಷ್ಣಾಂಶ, ಉಪ್ಪಿನಂಶಗಳನ್ನು ದಂಡೆಯಲ್ಲೇ ಬರೆದಿಡಿ. ಮಳೆಗಾಲದಲ್ಲಿ ಕಾಳಿ ನದಿ ತುಂಬಿ ಬಂದಾಗ ಅಳಿವೆಯ ಸುತ್ತ ಉಪ್ಪು ತೀರ ಇಳಿಯುತ್ತದೆ. ‘ಕಡಲಲ್ಲವೇ, 35 ಇರುತ್ತದೆ’ ಎಂದು ಊಹಿಸಿ ಬರೆಯುವುದು ಅಳತೆಯಲ್ಲ.

ಅಲ್ಲಿಯೇ ಒಂದು ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಒಂದು ಮಿಲಿಲೀಟರ್ ಕ್ಷಾರೀಯ ಅಯೋಡೈಡ್ ದ್ರಾವಣವನ್ನು ಪಿಪೆಟ್ಟಿನ ತುದಿ ನೀರೊಳಗಿಟ್ಟು ಬಿಡಿ. ಬಿರಡೆ ಹಾಕಿ ಮಗುಚಿ ಮಗುಚಿ ಕಲಸಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ, ಅಚ್ಚ ಬಿಳಿಯಾದರೆ ಇಲ್ಲ. ಉಪ್ಪು ನೀರಿನಲ್ಲಿ ಗಸಿ ತಡವಾಗಿ ಇಳಿಯುತ್ತದೆ, ಕಾಯಿರಿ. ಪ್ರಯೋಗಾಲಯಕ್ಕೆ ಬಂದ ಮೇಲೆ ಒಂದು ಮಿಲಿಲೀಟರ್ ಗಂಧಕಾಮ್ಲ. ಗಸಿ ಕರಗಿ ಅಯೋಡಿನ್‌ನ ಹಳದಿ ಬಣ್ಣ ಮೂಡುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಯಾರನ್ನೂ ನಾನು ಬಿಡುವುದಿಲ್ಲ.

ಸುಮಾರು 200 ಮಿಲಿಲೀಟರ್ ತೆಗೆದುಕೊಂಡು 0.025 ನಾರ್ಮಲ್ ಸಾಂದ್ರತೆಯ ಥಯೋಸಲ್ಫೇಟ್ ದ್ರಾವಣದಿಂದ ಟೈಟ್ರೇಟ್ ಮಾಡಿ, ಅಂದರೆ ಅದನ್ನು ಅಳೆದು ಹನಿಹನಿಯಾಗಿ ಬಿಡುತ್ತಾ ಬನ್ನಿ. ಹಳದಿ ತೆಳುವಾಗಿ ಒಣಹುಲ್ಲಿನ ಬಣ್ಣಕ್ಕೆ ಬಂದ ಮೇಲಷ್ಟೇ ಪಿಷ್ಟದ ದ್ರಾವಣ ಹಾಕಿ. ಪಿಷ್ಟ ಅಂದೇ ಕುದಿಸಿದ್ದಾಗಿರಲಿ. ಕಪಾಟಿನಲ್ಲಿ ಕೂತು ಹಳಸಿದ್ದು ಸ್ವಚ್ಛ ನೀಲಿ ಕೊಡುವುದಿಲ್ಲ. ನೀಲಿ ಮಾಯವಾಗುವ ಹೊತ್ತಿಗೆ ಎಷ್ಟು ಮಿಲಿಲೀಟರ್ ಥಯೋಸಲ್ಫೇಟ್ ಖರ್ಚಾಯಿತೋ, ಲೀಟರಿಗೆ ಅಷ್ಟೇ ಮಿಲಿಗ್ರಾಂ ಆಮ್ಲಜನಕ.

ಕುಮಟಾ ಕಡೆಯ ಸಿಗಡಿ ಹೊಂಡಗಳವರು ಮಾದರಿಯನ್ನು ಸೂರ್ಯೋದಯಕ್ಕೆ ಮುಂಚೆ ತೆಗೆಯಬೇಕು. ರಾತ್ರಿಯಿಡೀ ಪಾಚಿ, ಸಿಗಡಿ, ತಳದ ಕೆಸರು ಎಲ್ಲವೂ ಆಮ್ಲಜನಕವನ್ನು ಬಳಸಿಕೊಂಡಿರುತ್ತವೆ. ಹೊಂಡ ಅತ್ಯಂತ ಬಳಲಿರುವುದು ಆಗಲೇ. ಮಧ್ಯಾಹ್ನದ ಅಂಕೆ ನೋಡಿ ಏರೇಟರ್ (ನೀರಿಗೆ ಗಾಳಿ ಸೇರಿಸುವ ಯಂತ್ರ) ನಿಲ್ಲಿಸಬೇಡಿ.

ಶಿರಸಿಯ ಶಾಲ್ಮಲಾ ಹೊಳೆಯ ನೀರು ಅಳೆಯುವವರಿಗೆ ಇನ್ನೊಂದು ಲೆಕ್ಕ. ಸುಮಾರು 600 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಶೇ 7ರಷ್ಟು ಕಡಿಮೆ. ಒತ್ತಡ ಇಳಿದಷ್ಟೇ ಕರಗುವ ಅನಿಲವೂ ಇಳಿಯುತ್ತದೆ. 25 ಡಿಗ್ರಿಯಲ್ಲಿ ಕೋಷ್ಟಕ 8.26 ಎಂದರೆ, ಅಲ್ಲಿನ ಹೊಳೆಗೆ 7.7 ಎಂದು ತಿದ್ದಿಕೊಂಡು ಹೋಲಿಸಿ.