ಮೆಕ್ಕೆಜೋಳದ ಬಿಲ್‌ನ ಎಕ್ಸ್‌ಎಂಎಲ್ ಅನ್ನು ಜಾವಾ ಕ್ಲಾಸ್‌ಗೆ ಇಳಿಸುವಾಗ

ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಗಳಿಂದ ಮೆಕ್ಕೆಜೋಳದ ಬಿಲ್‌ಗಳು ನಮ್ಮ ಪ್ರೋಗ್ರಾಂಗೆ ಎಕ್ಸ್‌ಎಂಎಲ್ ರೂಪದಲ್ಲಿ ಬರುತ್ತವೆ. ಯಾವ ಟ್ಯಾಗ್ ಎಲ್ಲಿ ಬರಬೇಕೆಂದು ಹೇಳುವ ಸ್ಕೀಮಾ ಫೈಲನ್ನು ಎಕ್ಸ್‌ಜೆಸಿಗೆ (ಎಕ್ಸ್‌ಎಂಎಲ್ ಅನ್ನು ಜಾವಾ ಆಬ್ಜೆಕ್ಟ್ ಮಾಡುವ ಜ್ಯಾಕ್ಸ್‌ಬಿ ಲೈಬ್ರರಿಯ ಉಪಕರಣ) ಕೊಟ್ಟರೆ ಜಾವಾ ಕ್ಲಾಸ್‌ಗಳು ತಾವಾಗೇ ಹುಟ್ಟುತ್ತವೆ. ತೊಡಕು ಶುರುವಾಗುವುದೇ ಅಲ್ಲಿಂದ.

ಎಲ್ಲಕ್ಕಿಂತ ಕಾಡುವುದು ಸಾಲುಗಳ ಕ್ರಮ. ಬಿಲ್‌ನಲ್ಲಿ ಒಂದು ಲಾಟು, ಅದರ ಬೆನ್ನಿಗೇ ಹಮಾಲಿ, ತೇವಾಂಶದ ಕಡಿತ, ಆಮೇಲೆ ಮತ್ತೊಂದು ಲಾಟು. ಯಾವ ಕಡಿತ ಯಾವ ಲಾಟಿನದು ಅನ್ನುವುದಕ್ಕೆ ಅದು ಕೂತ ಜಾಗವೇ ಸಾಕ್ಷಿ. ಸ್ಕೀಮಾದಲ್ಲಿ ಇದು ಎಷ್ಟು ಸಲ ಬೇಕಾದರೂ ಬರಬಹುದಾದ 'ಚಾಯ್ಸ್', ಅಂದರೆ ಪ್ರತಿ ಸಲ ಇವುಗಳಲ್ಲಿ ಯಾವುದಾದರೂ ಒಂದು. ಎಕ್ಸ್‌ಜೆಸಿ ಅದನ್ನು ಎಲ್ಲವೂ ಬೆರೆತ ಒಂದೇ ಆಬ್ಜೆಕ್ಟ್ ಲಿಸ್ಟ್ ಮಾಡಿ ಕೊಡುತ್ತದೆ. ಲಾಟಿಗೊಂದು, ಕಡಿತಕ್ಕೊಂದು ಲಿಸ್ಟ್ ಮಾಡಿದರೆ ಕೋಡ್ ಚೆಂದ ಕಾಣುತ್ತದೆ, ಲೆಕ್ಕ ಕೆಡುತ್ತದೆ. ಹಾಗಾಗಿ ಬೆರಕೆ ಲಿಸ್ಟನ್ನೇ ಇಟ್ಟುಕೊಂಡು ಮೇಲಿಂದ ಕೆಳಗೆ ಓದುತ್ತೇವೆ: ಲಾಟು ಬಂದರೆ ಹೊಸ ಆಬ್ಜೆಕ್ಟ್, ಕಡಿತ ಬಂದರೆ ಅದು ಕೊನೆಯ ಲಾಟಿನದು, ಲಾಟೇ ಇಲ್ಲದೆ ಕಡಿತ ಬಂದರೆ ಬಿಲ್ ವಾಪಸ್.

ಮುಂಗಡದ ಟ್ಯಾಗ್ ಇಲ್ಲದಿರುವುದು, ಇದ್ದೂ 'ನಿಲ್' (ಬೆಲೆ ಇಲ್ಲ ಎಂಬ ಗುರುತು) ಆಗಿರುವುದು, 0 ಇರುವುದು ಬೇರೆ ಬೇರೆ ಮಾತು. ಜಾವಾದ ಸಾದಾ ಸಂಖ್ಯೆಯ ಬಗೆಯಾದ ಡಬಲ್ ಫೀಲ್ಡಿಗೆ ಹಾಕಿದರೆ ಮೂರೂ 0. ಐಚ್ಛಿಕವೂ 'ನಿಲ್' ಆಗಬಲ್ಲದ್ದೂ ಆದ ಎಲಿಮೆಂಟಿಗೆ ಎಕ್ಸ್‌ಜೆಸಿ ಕೊಡುವ ಜ್ಯಾಕ್ಸ್‌ಬಿಎಲಿಮೆಂಟ್ ಎಂಬ ಹೊದಿಕೆ ನೋಡಲು ಒಡ್ಡೊಡ್ಡು, ಆದರೆ ಮೂರನ್ನೂ ಬೇರೆ ಬೇರೆ ಉಳಿಸುತ್ತದೆ. ದುಡ್ಡಿಗೆ ದಶಮಾಂಶವನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್ ಬಿಟ್ಟು ಬೇರೆ ಬೇಡ. ಹೋಲಿಸುವಾಗ ಮಾತ್ರ ಈಕ್ವಲ್ಸ್ ಬಳಸಬೇಡಿ, ಅದಕ್ಕೆ 1250.0 ಮತ್ತು 1250.00 ಬೇರೆ; ಕಂಪೇರ್‌ಟು ಬಳಸಿ.

ಅಪಾಯ ಇರುವುದು ಸದ್ದಿಲ್ಲದ ತಪ್ಪುಗಳಲ್ಲಿ. ಮೊತ್ತದಲ್ಲಿ 1,25,000 ಎಂದು ಅಲ್ಪವಿರಾಮ ಬಂದರೆ, ಇಲ್ಲವೇ ಒಳಗಿನ ಎಲಿಮೆಂಟುಗಳ ನೇಮ್‌ಸ್ಪೇಸ್ (ಟ್ಯಾಗ್ ಯಾವ ಗುಂಪಿನದೆಂಬ ಗುರುತು) ಬೇರೆಯಾದರೆ, ಜ್ಯಾಕ್ಸ್‌ಬಿ ಡಿಫಾಲ್ಟ್ ಆಗಿ ಏನೂ ಹೇಳದೆ ಫೀಲ್ಡನ್ನು ಖಾಲಿ (ನಲ್) ಬಿಟ್ಟು ಮುಂದೆ ಹೋಗುತ್ತದೆ. ಎಕ್ಸ್‌ಎಂಎಲ್ ಓದಿ ಆಬ್ಜೆಕ್ಟ್ ಮಾಡುವ ಅನ್‌ಮಾರ್ಷಲರಿಗೆ ಸ್ಕೀಮಾ ಕಟ್ಟಿ, ಜೊತೆಗೆ ಯಾವ ದೋಷಕ್ಕೂ 'ಫಾಲ್ಸ್' ಎನ್ನುವ ಈವೆಂಟ್ ಹ್ಯಾಂಡ್ಲರ್ ಹಾಕಿ; ಆಗ ಓದು ಅಲ್ಲೇ ನಿಲ್ಲುತ್ತದೆ.

ಕನ್ನಡದಲ್ಲೇ ಟ್ಯಾಗ್ ಹೆಸರಿಡಲು ಎಕ್ಸ್‌ಎಂಎಲ್ 1.0 ಅಡ್ಡಿ ಮಾಡುವುದಿಲ್ಲ, ನಮಗದು ಇಷ್ಟವೂ ಹೌದು. ಆದರೆ 'ಕಮಿಷನ್‌ದರ' ಥರದ ಪದದ ನಡುವೆ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ ಕೂತಿರುತ್ತದೆ. 2008ರ ಐದನೇ ಆವೃತ್ತಿ ಅದನ್ನು ಹೆಸರಿನೊಳಗೆ ಒಪ್ಪುತ್ತದೆ, ಹಳೆಯ ನಿಯಮ ಪಾಲಿಸುವ ಪಾರ್ಸರ್‌ಗಳು (ಎಕ್ಸ್‌ಎಂಎಲ್ ಓದುವ ಪ್ರೋಗ್ರಾಂಗಳು) ಒಪ್ಪುವುದಿಲ್ಲ. 'ಕಮಿಷನ್_ದರ' ಎಂದಿಟ್ಟರೆ ರಗಳೆಯಿಲ್ಲ.

ಎಕ್ಸ್‌ಜೆಸಿ ಕ್ಲಾಸ್‌ಗಳನ್ನು ಒಂದೇ ಪ್ಯಾಕೇಜಿನಲ್ಲಿ ಕೂಡಿಹಾಕಿ. ಲೆಕ್ಕ ಮಾಡುವ ಕೋಡ್ ಕೈಯಾರೆ ಬರೆದ ಬಿಲ್, ಲಾಟ್ ಕ್ಲಾಸ್‌ಗಳನ್ನಷ್ಟೇ ನೋಡಲಿ. ಕ್ಲಾಸಿಗೆ ಗೊತ್ತಿಲ್ಲದ ಟ್ಯಾಗ್ ಮರಳಿ ಬರೆಯುವಾಗ ಉದುರಿಹೋಗುವುದರಿಂದ, ಬಂದ ಫೈಲನ್ನು ಒಂದು ಬೈಟೂ ಬದಲಿಸದೆ ಎತ್ತಿಡಿ. ಇನ್ನು ಜಾವಾ 11ರಿಂದ ಜಾವಾದ ಮೂಲ ಕಿಟ್ ಆದ ಜೆಡಿಕೆಯಲ್ಲಿ ಜ್ಯಾಕ್ಸ್‌ಬಿ ಇಲ್ಲ. ಬೇರೆಯಾಗಿ ಸೇರಿಸುವಾಗ ಹಳೆಯ ಜಾವಾಎಕ್ಸ್ ಮತ್ತು ಹೊಸ ಜಕಾರ್ತಾ ಹೆಸರಿನ ಪ್ಯಾಕೇಜುಗಳನ್ನು ಬೆರೆಸಬೇಡಿ. ಒಂದರ ಅನೊಟೇಶನ್ (ಕ್ಲಾಸಿಗೆ ಅಂಟಿಸುವ ಗುರುತು) ಇನ್ನೊಂದರ ಕಣ್ಣಿಗೆ ಬೀಳುವುದಿಲ್ಲ.