ಹಾಯಿದೋಣೀಲಿ ನ್ಯೂಯಾರ್ಕಿಗೆ: ಹೆಲ್ ಗೇಟ್ ದಾಟಿದ ನನ್ನ ಅನುಭವ

ಮೊದಲನೇ ಸಲ ಹೊರಟಾಗ ನಾವು ನ್ಯೂಯಾರ್ಕ್ ತಲುಪಲೇ ಇಲ್ಲ. ಈಸ್ಟ್ ರಿವರ್‌ನ ಹೆಲ್ ಗೇಟ್ ಅನ್ನೋ ಇಕ್ಕಟ್ಟಿನ ಜಾಗದಲ್ಲಿ, ಅಲ್ಲಿನ ಸೇತುವೆ ಕೆಳಗೆ, ಆಸ್ಟೋರಿಯಾ ಪಾರ್ಕ್ ಪಕ್ಕ, ಇಂಜಿನ್ ಫುಲ್ ಥ್ರಾಟಲ್‌ನಲ್ಲಿ ಹತ್ತು ನಿಮಿಷ ಓಡಿದ್ರೂ ದಡದಲ್ಲಿ ಅದೇ ಬೆಂಚು, ಅದರ ಮೇಲೆ ಕೂತಿದ್ದ ಅದೇ ಅಜ್ಜ ಕಾಣ್ತಾ ಇದ್ರು. ದೋಣಿ ಮುಂದೆ ನೀರು ಸೀಳ್ಕೊಂಡು ಹೋಗ್ತಾ ಇರೋ ಹಾಗೆ ಕಾಣುತ್ತೆ, ಆದ್ರೆ ಜಿಪಿಎಸ್ 0.7 ನಾಟ್ ಅಂತಿದೆ (ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿ.ಮೀ.). ಅಷ್ಟರಲ್ಲಿ ಇಂಜಿನ್ ಟೆಂಪರೇಚರ್ ಮುಳ್ಳು ಮೇಲೇರೋಕೆ ಶುರು, ಹೆಂಡತಿ ನನ್ನ ಮುಖ ನೋಡಿದ್ಲು, ನಾನು ಮಾತಾಡದೆ ದೋಣಿ ತಿರುಗಿಸಿದೆ. ತಿರುಗಿಸಿದ ತಕ್ಷಣ ಅದೇ ನೀರು ನಮ್ಮನ್ನ 9 ನಾಟ್‌ನಲ್ಲಿ ಬಂದ ದಾರೀಗೇ ಎತ್ಕೊಂಡು ಹೋಯ್ತು.

ನಮ್ದು 27 ಅಡಿಯ ಹಳೇ ಹಾಯಿದೋಣಿ, ಕನೆಕ್ಟಿಕಟ್‌ನ ನಾರ್ವಾಕ್‌ನಲ್ಲಿ ಕಟ್ಟಿರ್ತೀವಿ. ಇಂಜಿನ್‌ನಲ್ಲಿ ಐದೂವರೆ ನಾಟ್ ಬಂದ್ರೆ ಹೆಚ್ಚು. ಲಾಂಗ್ ಐಲ್ಯಾಂಡ್ ಸೌಂಡ್ ಅನ್ನೋ ಸಮುದ್ರದ ಚಾಚಿನಲ್ಲಿ ಪಶ್ಚಿಮಕ್ಕೆ ಒಂದು ದಿನ ಬಂದು ಪೋರ್ಟ್ ವಾಷಿಂಗ್ಟನ್‌ನಲ್ಲಿ ಮೂರಿಂಗ್ (ದೋಣಿ ಕಟ್ಟೋಕೆ ನೀರಲ್ಲಿ ಬಿಟ್ಟಿರೋ ತೇಲುಗುಂಡು) ಹಿಡಿದು ರಾತ್ರಿ ಉಳಿದು, ಮಾರನೇ ದಿನ ಈಸ್ಟ್ ರಿವರ್ ಇಳಿದು ಮ್ಯಾನ್‌ಹಟನ್ ತುದಿ ಸೇರೋದು ಪ್ಲಾನು. ಮೊದಲ ದಿನ ಏನೂ ಕಷ್ಟ ಇಲ್ಲ, ಗಾಳಿ ಇದ್ರೆ ಹಾಯಿ, ಇಲ್ಲಾಂದ್ರೆ ಇಂಜಿನ್, ಎಕ್ಸಿಕ್ಯೂಷನ್ ರಾಕ್ಸ್ ದೀಪಸ್ತಂಭ ಕಂಡ್ರೆ ಹತ್ರ ಬಂದ್ವಿ ಅಂತ ಲೆಕ್ಕ.

ಅವತ್ತು ನಾನು ಮಾಡಿದ ತಪ್ಪು ಒಂದೇ, ಉಪ್ಪಿಟ್ಟು ಕಾಫಿ ಎಲ್ಲಾ ಮುಗಿಸಿ ಎರಡು ಗಂಟೆ ತಡವಾಗಿ ಹೊರಟೆ. ಆ ಸಂಜೆ ಗಂಗೊಳ್ಳಿಯ ನಮ್ಮ ಸೋದರಮಾವನಿಗೆ ಫೋನ್ ಮಾಡಿದೆ, ಅವ್ರು ಜೀವನ ಪೂರ್ತಿ ಅಳಿವೆ ದಾಟಿ ಮೀನಿಗೆ ಹೋದವ್ರು. ಪೂರ್ತಿ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು: "ನೀ ನೀರ್ ಕಂಡ್ ಹೊರಟದ್ದಾ, ಗಂಟೆ ಕಂಡ್ ಹೊರಟದ್ದಾ?"

ಅವತ್ತಿಂದ ಒಂದು ವರ್ಷ ನಾನು ಆ ನೀರನ್ನೇ ಓದಿದೆ. ಈಸ್ಟ್ ರಿವರ್ ಅಂತ ಹೆಸರಿದ್ರೂ ಅದು ನದಿ ಅಲ್ಲ, ಎರಡು ಕಡೆ ಸಮುದ್ರ ಸೇರಿಸೋ ಜಲಸಂಧಿ. ಒಂದು ತುದೀಲಿ ನ್ಯೂಯಾರ್ಕ್ ಬಂದರು, ಇನ್ನೊಂದು ತುದೀಲಿ ಸೌಂಡ್, ಸೌಂಡ್ ಕಡೆ ಉಬ್ಬರ ಬರೋದು ಮ್ಯಾನ್‌ಹಟನ್‌ನ ದಕ್ಷಿಣ ತುದಿಯಾದ ಬ್ಯಾಟರಿಗಿಂತ ಮೂರು ಗಂಟೆಗೂ ಹೆಚ್ಚು ತಡವಾಗಿ, ಎತ್ತರಾನೂ ಅಲ್ಲೇ ಜಾಸ್ತಿ. ಹಾಗಾಗಿ ಒಂದು ಕಡೆ ನೀರು ಎತ್ತರ ಇದ್ದಾಗ ಇನ್ನೊಂದು ಕಡೆ ತಗ್ಗು, ಆ ವ್ಯತ್ಯಾಸ ಎಲ್ಲಾ ಹೆಲ್ ಗೇಟ್‌ನ ಇಕ್ಕಟ್ಟಲ್ಲಿ ನುಗ್ಗುತ್ತೆ, ಜೋರಾದಾಗ 5 ನಾಟ್ ಹತ್ರ. ಐದೂವರೆ ನಾಟ್ ದೋಣಿ ಎದುರಿಗೆ ಹೋದ್ರೆ ಏನಾಗುತ್ತೆ ಅಂತ ಆ ಬೆಂಚಿನ ಅಜ್ಜನೇ ನೋಡಿದ್ದಾರೆ. ಹಿಂದೆ ಇಲ್ಲಿ ಬಂಡೆಗಳೂ ಇದ್ವು, ನೂರಾರು ಹಡಗು ಒಡೆದ ಮೇಲೆ ಸೇನೆಯ ಇಂಜಿನಿಯರ್‌ಗಳು 1885ರಲ್ಲಿ ಫ್ಲಡ್ ರಾಕ್ ಅನ್ನೋ ದೊಡ್ಡ ಬಂಡೆಯನ್ನ ಸ್ಫೋಟಿಸಿ ತೆಗೆದ್ರು.

ಎರಡನೇ ಸಲ, ಕಳೆದ ಆಗಸ್ಟ್. ಕರೆಂಟ್ ಟೇಬಲ್‌ನಲ್ಲಿ, ಅಂದ್ರೆ ನೀರಿನ ಸೆಳೆತದ ವೇಳಾಪಟ್ಟಿಯಲ್ಲಿ, ಹೆಲ್ ಗೇಟ್‌ನ ನೀರು ನಿಲ್ಲೋ ಹೊತ್ತು 8:40. ಮೂರಿಂಗ್‌ನಿಂದ ಅಲ್ಲಿಗೆ ಎರಡು ಗಂಟೆ, ಕೈಲಿರಲಿ ಅಂತ ಇನ್ನೊಂದು ಕಾಲು ಗಂಟೆ ಸೇರಿಸಿ 6:25ಕ್ಕೆ ಹಗ್ಗ ಬಿಟ್ವಿ. ಹಿಂದಿನ ರಾತ್ರೀನೇ ಇಂಜಿನ್‌ಗೆ ಸಮುದ್ರದ ನೀರು ಎಳ್ಕೊಳ್ಳೋ ಫಿಲ್ಟರ್ ಬಿಚ್ಚಿ ನೋಡಿದೆ, ಒಂದು ಮುಷ್ಟಿ ಪಾಚಿ, ಅದರೊಳಗೆ ಪ್ಲಾಸ್ಟಿಕ್ ಚೂರು. ಹಿಂದಿನ ವರ್ಷ ಮುಳ್ಳು ಏರಿದ್ದಕ್ಕೂ ಇಂಥದ್ದೇ ಕಾರಣ ಇರ್ಬೇಕು.

ಥ್ರಾಗ್ಸ್ ನೆಕ್ ಸೇತುವೆ, ವೈಟ್‌ಸ್ಟೋನ್ ಸೇತುವೆ ದಾಟಿ, ತಲೆ ಮೇಲೇ ಲಗ್ವಾರ್ಡಿಯಾಕ್ಕೆ ಇಳಿಯೋ ವಿಮಾನಗಳು, ಆಮೇಲೆ ಕಾಡು ಬೆಳೆದು ಪಾಳು ಬಿದ್ದಿರೋ ನಾರ್ತ್ ಬ್ರದರ್ ದ್ವೀಪ. 1904ರಲ್ಲಿ ಜನರಲ್ ಸ್ಲೋಕಮ್ ಅನ್ನೋ ಸ್ಟೀಮರ್ ಬೆಂಕಿ ಹತ್ತಿ ಬಂದು ನಿಂತಿದ್ದು ಈ ದಡದಲ್ಲೇ, ಪಿಕ್ನಿಕ್‌ಗೆ ಹೊರಟಿದ್ದ ಸಾವಿರಕ್ಕೂ ಹೆಚ್ಚು ಜನ ಸತ್ರು, ಬಹುಪಾಲು ಹೆಂಗಸರು ಮಕ್ಕಳು, ಲೈಫ್ ಜಾಕೆಟ್‌ಗಳೆಲ್ಲಾ ಕೊಳೆತು ಹೋಗಿದ್ವು. ಮಗ ಜಾಕೆಟ್ ಬಿಚ್ತೀನಿ ಸೆಕೆ ಅಂತಿದ್ದ, ಈ ಕಥೆ ಹೇಳಿದ ಮೇಲೆ ತಾನೇ ಬಕಲ್ ಎಳೆದು ನೋಡ್ಕೊಂಡ.

ಹೆಲ್ ಗೇಟ್ ತಲುಪಿದಾಗ 8:45. ನೀರು ಕೆರೆ ಥರ. ನನಗೆ ನಂಬೋಕೇ ಆಗ್ಲಿಲ್ಲ, ಹೋದ ವರ್ಷ ಸುಳಿ ಸುತ್ತುತ್ತಿದ್ದ ಜಾಗದಲ್ಲಿ ಒಂದು ಸೀಗಲ್ ಅಲ್ಲಾಡದೆ ಕೂತಿತ್ತು. ರೂಸ್‌ವೆಲ್ಟ್ ದ್ವೀಪದ ಪಶ್ಚಿಮದ ಕಾಲುವೆ ಹಿಡಿದ್ವಿ, ಪೂರ್ವದಲ್ಲಿ ಎತ್ತೋ ಸೇತುವೆ ಇದೆ, ಹಾಯಿದೋಣಿಗೆ ತಲೆನೋವು. ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆ ಮಹಾಸಭೆ ಇದ್ದಾಗ ಈ ಪಶ್ಚಿಮದ ಕಾಲುವೇನ ಭದ್ರತೆಗೆ ಮುಚ್ತಾರೆ, ಅದನ್ನ ಮೊದಲೇ ನೋಡ್ಕೊಳ್ಳಿ. ದೋಣಿಯ ವಿಎಚ್‌ಎಫ್ ರೇಡಿಯೋದಲ್ಲಿ 16ರ ಜೊತೆ 13ನೇ ಚಾನೆಲ್ಲೂ ಕೇಳ್ತಾ ಇರಿ, ಹಡಗು ಎಳೆಯೋ ಟಗ್ ದೋಣಿಯವರು ಮಾತಾಡ್ಕೊಳ್ಳೋದು ಅದರಲ್ಲೇ.

ಕ್ವೀನ್ಸ್‌ಬರೋ ಸೇತುವೆ ದಾಟಿದ ಮೇಲೆ ಇಳಿತ ಹಿಡೀತು. 7 ನಾಟ್, 8, ವಿಲಿಯಮ್ಸ್‌ಬರ್ಗ್ ಹತ್ರ 9. ಮ್ಯಾನ್‌ಹಟನ್ ಬ್ರಿಡ್ಜ್, ಆಮೇಲೆ 1883ರ ಬ್ರೂಕ್ಲಿನ್ ಬ್ರಿಡ್ಜ್, ನಮ್ಮ ಕಂಬದ ತುದಿ ತಾಗೇ ಬಿಡುತ್ತೆ ಅನ್ಸುತ್ತೆ, ಆದ್ರೆ ಮೇಲೆ ಬೇಕಾದಷ್ಟು ಜಾಗ ಇದೆ. ಅಷ್ಟು ವರ್ಷ ಸಬ್‌ವೇಯಲ್ಲೇ ಓಡಾಡಿದ ಊರು, ಆ ಸೇತುವೆಯ ಕೆಳಗಿನ ನೆರಳಲ್ಲಿ ತಣ್ಣಗೆ ನಮ್ಮ ಮೇಲೆ ಹಾದು ಹೋಯ್ತು, ಹೆಂಡತಿ ಕಣ್ಣಲ್ಲಿ ನೀರು.

ಬ್ಯಾಟರಿ ಹತ್ರ ಮಾತ್ರ ಮೈಯೆಲ್ಲಾ ಕಣ್ಣಾಗಿರ್ಬೇಕು, ಕಿತ್ತಳೆ ಬಣ್ಣದ ಸ್ಟೇಟನ್ ಐಲ್ಯಾಂಡ್ ಫೆರಿಗಳು, ಚಿಕ್ಕ ಫೆರಿಗಳು ಎಲ್ಲಾ ದಿಕ್ಕಿಂದ ಬರ್ತವೆ, ಅವುಗಳ ಅಲೆಗೆ ಒಳಗಿಟ್ಟಿದ್ದ ಪಾತ್ರೆ ಎಲ್ಲಾ ನೆಲಕ್ಕೆ. ಅದಕ್ಕೇ ಒಲೆ ಆರಿಸಿ, ಸಾಮಾನೆಲ್ಲಾ ಕಟ್ಟಿಟ್ಟು ಬನ್ನಿ. ಹಡ್ಸನ್ ದಾಟಿ ಜರ್ಸಿ ಸಿಟಿಯ ಲಿಬರ್ಟಿ ಲ್ಯಾಂಡಿಂಗ್ ಮರೀನಾದಲ್ಲಿ ಕಟ್ಟಿದ್ವಿ, ಎದುರಿಗೇ ಮ್ಯಾನ್‌ಹಟನ್.

ವಾಪಸ್ ಬರೋದು ಇನ್ನೂ ಸುಲಭ. ಬ್ಯಾಟರಿಯಲ್ಲಿ ಉಬ್ಬರ ಈಸ್ಟ್ ರಿವರ್ ಒಳಗೆ ತಿರುಗೋ ಹೊತ್ತಿಗೆ ಹೊರಟ್ರೆ ಸೌಂಡ್‌ವರೆಗೂ ನೀರೇ ತಳ್ಕೊಂಡು ಬರುತ್ತೆ. ನಾವು ಮೂರನೇ ದಿನ ಬೆಳಿಗ್ಗೆ ಐದಕ್ಕೇ ಎದ್ವಿ, ಉಪ್ಪಿಟ್ಟು ದಾರೀಲಿ ತಿಂದ್ವಿ.