ಅಡಿಗೆ ಅಂಗುಲದ ಕೋಡಿ: ನನ್ನ ಅನುಭವ

ಚಿಂತಾಮಣಿ ತಾಲ್ಲೂಕಿನ ಒಂದು ಕೆರೆಯ ಕೋಡಿಯನ್ನು ನಾನು ಎರಡು ಸಲ ದುರಸ್ತಿ ಮಾಡಿದ್ದೆ, ಎರಡು ಸಲವೂ ಕೆಳಗಿನ ಕಲ್ಲುಹಾಸು ಕಿತ್ತುಹೋಯಿತು. ಎರಡನೆಯ ಸಲ ಗುತ್ತಿಗೆಯ ಹೊಣೆಗಾರಿಕೆಯ ಅವಧಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಕೈಯಿಂದ ಸುಮಾರು ಎರಡೂವರೆ ಲಕ್ಷ ರೂಪಾಯಿ ಹಾಕಬೇಕಾಯಿತು. ಇನ್ನೂ ದಪ್ಪ ಕಲ್ಲು ಹಾಕಿ, ಇನ್ನಷ್ಟು ಸಿಮೆಂಟ್ ಸುರಿಯಿರಿ ಎಂಬುದೇ ಎಲ್ಲರ ಸಲಹೆಯಾಗಿತ್ತು. ಮೂರನೆಯ ಸಲ ಕಟ್ಟುವ ಮೊದಲು ಮಾದರಿಯೊಂದನ್ನು ಮಾಡಿ ನೀರು ಹರಿಸಿ ನೋಡುತ್ತೇನೆಂದಾಗ, ಅದು ಕೃಷ್ಣರಾಜಸಾಗರದ ಸಂಶೋಧನಾ ಕೇಂದ್ರದಂಥ ಕಡೆ ಅಣೆಕಟ್ಟುಗಳಿಗೆ ಮಾಡುವ ಕೆಲಸ, ಹಳ್ಳಿಯ ಕೋಡಿಗೆ ಯಾರು ಮಾಡುತ್ತಾರೆ ಎಂದು ಜೊತೆಯ ಗುತ್ತಿಗೆದಾರರೇ ತಲೆಯಾಡಿಸಿದರು.

ಮೊದಲ ಮಾದರಿಯನ್ನು ಅರವತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ದು ನನ್ನ ತಪ್ಪು. ಕೋಡಿಯ ಮೇಲೆ 20 ಅಂಗುಲ ನೀರು ಹರಿಯುವುದು ಅಲ್ಲಿ ಎಂಟು ಮಿಲಿಮೀಟರಿಗೆ ಇಳಿಯಿತು. ಅಷ್ಟು ತೆಳುವಾದ ನೀರು ಧುಮುಕುವುದಿಲ್ಲ, ಲೋಟದಿಂದ ನಿಧಾನವಾಗಿ ಬಗ್ಗಿಸಿದ ಹಾಲಿನಂತೆ ಗೋಡೆಗೇ ಅಂಟಿಕೊಂಡು ಜಾರುತ್ತದೆ. ಆಕಾರ ತಾಳೆಯಾದರೂ ನೀರಿನ ಮೇಲ್ಮೈ ಸೆಳೆತ ಅರವತ್ತು ಪಟ್ಟು ಕುಗ್ಗುವುದಿಲ್ಲವಲ್ಲ! ಆರೇಳು ಸಾವಿರ ರೂಪಾಯಿ ಹಾಗೆಯೇ ಹೋಯಿತು.

ಎರಡನೆಯದನ್ನು ಅಡಿಗೆ ಅಂಗುಲದ ಲೆಕ್ಕದಲ್ಲಿ, ಎಂದರೆ ಹನ್ನೆರಡರಲ್ಲಿ ಒಂದು ಪಾಲಿಗೆ ಕಟ್ಟಿದೆ. ಇದರಲ್ಲಿ ಮೇಸ್ತ್ರಿಗೆ ಬೇರೆ ನಕ್ಷೆಯೇ ಬೇಕಾಗಲಿಲ್ಲ, ಅಡಿ ಎಂದಿದ್ದ ಕಡೆಯೆಲ್ಲ ಅಂಗುಲ ಎಂದು ಓದಿಕೊಂಡರು. ಸುಮಾರು ನೂರಡಿಯ ಕೋಡಿಯನ್ನು ಪೂರ್ತಿ ಕಟ್ಟದೆ, ನಡುವಿನ 24 ಅಡಿಯನ್ನು ಮಾತ್ರ ಎರಡಡಿ ಅಗಲದ ಇಟ್ಟಿಗೆ ಕಾಲುವೆಯಲ್ಲಿ ಕೂರಿಸಿದೆವು. ತೆರೆದು ಹರಿಯುವ ನೀರಿನ ಮಾದರಿಗಳಿಗೆ ಬಳಸುವ ಫ್ರೌಡ್ (Froude) ಎಂಬವರ ಲೆಕ್ಕದ ಪ್ರಕಾರ ಹರಿವು ಅಳತೆಯ ಎರಡೂವರೆ ಘಾತದಷ್ಟು, ಅಂದರೆ ಸುಮಾರು 500 ಪಟ್ಟು ಇಳಿಯುತ್ತದೆ. ಆ 24 ಅಡಿಯಲ್ಲಿ ಬರುವ 160 ಕ್ಯೂಸೆಕ್ಸ್ ನೀರಿಗೆ ಮಾದರಿಯಲ್ಲಿ ಸೆಕೆಂಡಿಗೆ ಒಂಬತ್ತು ಲೀಟರ್ ಸಾಕು, ತೋಟದ ಪಂಪೇ ಅದನ್ನು ಕೊಟ್ಟಿತು. ವೇಳೆ ಸುಮಾರು ಮೂರೂವರೆ ಪಟ್ಟು ಇಳಿಯುವುದರಿಂದ ಹತ್ತು ಗಂಟೆಯ ಪ್ರವಾಹವನ್ನು ಮೂರು ಗಂಟೆಯೊಳಗೆ ನೋಡಿ ಮುಗಿಸಬಹುದು. ಪಂಪಿನ ನೀರು ಉಕ್ಕಿ ಸುಳಿಯುತ್ತ ಬಂದರೆ ಮಾದರಿಗೆ ಬೆಲೆಯೇ ಇಲ್ಲ. ಅದನ್ನು ಕೆರೆಯ ನೀರಿನಂತೆ ಶಾಂತವಾಗಿ ತರುವ ಉಪಾಯ ಎರಡು ತಿಂಗಳು ಒದ್ದಾಡಿ ಕಂಡುಕೊಂಡದ್ದು, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಕಲ್ಲುಗಳದೇ ಹೆಚ್ಚಿನ ಕೆಲಸ. ಉದ್ದ ಹನ್ನೆರಡು ಪಟ್ಟು ಇಳಿದರೆ ತೂಕ 1728 ಪಟ್ಟು ಇಳಿಯುತ್ತದೆ, ಹಾಗಾಗಿ ಅರವತ್ತು ಕಿಲೋ ಸೈಜುಗಲ್ಲಿಗೆ ಮೂವತ್ತೈದು ಗ್ರಾಂ ಚೂರು. ಅದೇ ಕ್ವಾರಿಯ ಕಲ್ಲಿನ ಚಕ್ಕೆಗಳನ್ನು ಒಡೆಸಿ, ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಸಾಲುಸಾಲಿಗೂ ಬೇರೆ ಬಣ್ಣ ಬಳಿದು ಜೋಡಿಸಿದೆವು. ಕೆಳಗಿನ ನೆಲಕ್ಕೆ ಮೊದಲು ಕೆರೆಯ ಜೇಡಿಮಣ್ಣನ್ನೇ ಹಾಕಿದ್ದು ಮತ್ತೊಂದು ಸೋಲು, ಅದು ಅಂಟಿಕೊಂಡು ಕೊರೆಯಲೇ ಇಲ್ಲ. ದಪ್ಪ ಮರಳು ಹಾಕಿದ ಮೇಲೆ ಗುಂಡಿ ಬಿತ್ತು. ಗುಂಡಿ ಎಲ್ಲಿ ಬೀಳುತ್ತದೆ ಎಂಬುದನ್ನು ಮಾದರಿಯಿಂದ ನಂಬಬಹುದು, ಎಷ್ಟು ಆಳ ಬೀಳುತ್ತದೆ ಎಂಬುದನ್ನು ನಂಬಬಾರದು.

ಪಂಪು ಶುರುವಾದ ಇಪ್ಪತ್ತು ನಿಮಿಷಕ್ಕೆ ಕಾರಣ ಕಣ್ಣಿಗೆ ಬಿತ್ತು. ಗೋಡೆಯ ಬುಡದ ಕೆಂಪು ಕಲ್ಲುಗಳು ಅಲ್ಲಾಡಲಿಲ್ಲ. ನೀರು ಹಾಸಿನ ಮೇಲೆ ನುಣುಪಾಗಿ ಓಡಿ, ಹನ್ನೆರಡು ಅಂಗುಲದ ಹಾಸನ್ನು ದಾಟಿದ ಮೇಲೆ ನೊರೆಯೆದ್ದು ಸುತ್ತುತ್ತಿತ್ತು. ಅಲ್ಲಿ ಮರಳು ಕೊರೆದು, ತುದಿಯ ಹಳದಿ ಸಾಲು ಒಂದೊಂದಾಗಿ ಹಿಂದಿನಿಂದ ಗುಂಡಿಗೆ ಉರುಳಿತು. ನಾವು ಎರಡು ಸಲವೂ ಬುಡವನ್ನು ಭದ್ರ ಮಾಡಿದ್ದೆವು, ಕಿತ್ತುಹೋಗುತ್ತಿದ್ದದ್ದು ತುದಿಯಿಂದ. ಹಾಸನ್ನು ಸ್ವಲ್ಪ ತಗ್ಗಿಸಿ, ಹದಿನಾರು ಅಂಗುಲಕ್ಕೆ ಉದ್ದ ಮಾಡಿ, ತುದಿಯಲ್ಲಿ ಒಂದೂಕಾಲು ಅಂಗುಲ ಎತ್ತರದ ಅಡ್ಡ ದಿಂಡು ಕಟ್ಟಿದಾಗ ಜಂಪ್, ಎಂದರೆ ಓಡುವ ನೀರು ನೊರೆಯೆದ್ದು ಮೇಲೇಳುವ ಜಾಗ, ಹಾಸಿನ ಒಳಗೇ ನಿಂತಿತು. ದಿಂಡಿನ ಎತ್ತರವನ್ನು ಹನ್ನೊಂದು ಸಲವಾದರೂ ಬದಲಿಸಿರಬೇಕು. ಎಲ್ಲ ಸೇರಿ ಮಾದರಿಗೆ ನಲವತ್ತು ಸಾವಿರದ ಆಸುಪಾಸು ಖರ್ಚಾಯಿತು.

ಆ ಹುರುಪಿನಲ್ಲಿ ಮಾವಿನ ಕಾಯಿ ತುಂಬುವ ಶೆಡ್ಡಿನ ಬಿದಿರಿನ ಚಾವಣಿಗೂ ಅಡಿಗೆ ಅಂಗುಲದ ಮಾದರಿ ಮಾಡಿದೆ. ಅದು ಸೊಗಸಾಗಿ ನಿಂತಿತು, ಆದರೆ ಆ ನಿಲುವಿಗೆ ಅರ್ಥವಿಲ್ಲ. ತೂಕ 1728 ಪಟ್ಟು ಇಳಿದಾಗ ಅಡ್ಡಕೊಯ್ತದ ವಿಸ್ತೀರ್ಣ 144 ಪಟ್ಟು ಮಾತ್ರ ಇಳಿಯುವುದರಿಂದ ಮಾದರಿಯ ಬಿದಿರಿನ ಮೇಲೆ ಬೀಳುವ ಒತ್ತಡ ಹನ್ನೆರಡರಲ್ಲಿ ಒಂದೇ ಪಾಲು. ಗೆಲಿಲಿಯೊ 1638ರಲ್ಲೇ ಬರೆದಿಟ್ಟ ವಿಷಯ ಇದು. ಅದರದೇ ತೂಕದ ಹನ್ನೊಂದು ಪಟ್ಟನ್ನು ಮರಳಿನ ಚೀಲಗಳಲ್ಲಿ ತೂಗಿಬಿಟ್ಟಾಗ ಎರಡು ಕಡೆ ಬಾಗಿತು, ಅಲ್ಲಿ ಜೋಡಿ ಬಿದಿರು ಹಾಕಿಸಿದೆ. ಕಲ್ಲಿನ ಕಮಾನಿಗೆ ಈ ತೊಡಕು ಅಷ್ಟಾಗಿ ಇಲ್ಲ, ಅದು ನಿಲ್ಲುವುದು ಬಹುಮಟ್ಟಿಗೆ ಆಕಾರದ ಬಲದಿಂದಲೇ.

2021ರ ನವೆಂಬರಿನ ಮಳೆಗೆ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು, ಮಾದರಿಯಂತೆ ಮೂರನೆಯ ಸಲ ಕೋಡಿ ಕಟ್ಟಿದ್ದ ಈ ಕೆರೆಯೂ ಬಿತ್ತು. ಕೊಡೆ ಹಿಡಿದು ಹೋಗಿ ಪಕ್ಕದ ಗೋಡೆಯ ಮೇಲೆ ನಿಂತೆವು. ಮೇಸ್ತ್ರಿ ಟೇಪು ಬಿಟ್ಟು, ನೊರೆ ಮುಗಿಯುವ ಗೆರೆಯನ್ನು ಗೋಡೆಯ ಬುಡದಿಂದ ಅಳೆದರು. ಹದಿಮೂರೂವರೆ ಅಡಿ. ಮಾದರಿಯಲ್ಲಿ ಹದಿಮೂರು ಅಂಗುಲಕ್ಕೆ ಗೆರೆ ಬಂದಿತ್ತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ತುದಿಯ ಸಾಲಿನ ಒಂದು ಕಲ್ಲೂ ಕದಲಿರಲಿಲ್ಲ, ದಿಂಡಿನಾಚೆ ಮೊಣಕಾಲುದ್ದದ ಗುಂಡಿಯೊಂದು ಬಿದ್ದಿತ್ತು, ಅದಕ್ಕೆ ಎರಡು ಟ್ರ್ಯಾಕ್ಟರ್ ಬೋಲ್ಡರ್ ಸುರಿಸಿದೆ.